ಪಟ್ಟಿಯ ಏಳನೆಯ ಸಾಲು

ಸಾಂಕೋಲೆ ಎಂಬ ಊರಿನ ಕಾರ್ಖಾನೆಯಲ್ಲಿ ಯಂತ್ರಗಳ ನಿರ್ವಹಣೆ ನನ್ನ ಹೊಣೆಯಾಗಿತ್ತು. ಬೆಳಗಿನ ಸಭೆ ಎಂಟಕ್ಕೆ ಶುರು, ಎಂಟೂ ಹದಿನೈದಕ್ಕೆ ಮುಕ್ತಾಯ. ಎಲ್ಲರೂ ನಿಂತೇ ಇರಬೇಕು. ಕುರ್ಚಿ ಇಟ್ಟರೆ ಮಾತು ಉದ್ದವಾಗುತ್ತದೆ. ‘ಮೊದಲು ಯಂತ್ರದ ಮುಚ್ಚಳ ತೆಗೆಯಿರಿ, ಆಮೇಲೆ ಪೆನ್ನು’ ಎಂಬುದು ಹೊಸಬರಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠ.

ನಿವೃತ್ತಿಗೆ ವರ್ಷವಿದ್ದಾಗ ಹೊಸ ಡ್ರೈವ್ ಬಂತು. ಮೋಟಾರಿನ ವೇಗ ಹೆಚ್ಚುಕಡಿಮೆ ಮಾಡುವ ಪೆಟ್ಟಿಗೆ ಅದು. ಒಳಗೊಂದು ಸಣ್ಣ ಕೊಂಡಿ ಇರುತ್ತದೆ. ಬರುವ ವಿದ್ಯುತ್ತು ಎಷ್ಟು ವೋಲ್ಟೋ ಅಲ್ಲಿಗೆ ಅದನ್ನು ಸಿಕ್ಕಿಸಬೇಕು. ನಮ್ಮದು 415. ತಯಾರಕರು 480ಕ್ಕೆ ಸಿಕ್ಕಿಸಿ ಕಳಿಸಿದ್ದರು. ಮುಚ್ಚಳ ತೆಗೆದು ಅದನ್ನು ನೋಡಿ ತಪಾಸಣಾ ಪಟ್ಟಿಯ ಏಳನೆಯ ಸಾಲಿಗೆ ಗುರುತು ಹಾಕುವುದು ನನ್ನ ಕೆಲಸ. ಹಾಕಿದೆ. ನನ್ನ ಮೇಜಿನಲ್ಲಿ ಕುಳಿತು, ಚಹಾ ಕುಡಿಯುತ್ತ, ಮೇಲಿನಿಂದ ಕೆಳಗೆ ಒಂದೇ ಓಟದಲ್ಲಿ.

ಮೂರು ದಿನ ಮಧ್ಯಾಹ್ನ ಆ ಡ್ರೈವ್ ‘ವೋಲ್ಟೇಜ್ ಕಡಿಮೆ’ ಎಂದು ತೋರಿಸಿ ನಿಂತುಬಿಟ್ಟಿತು. ವೈರಿಂಗ್ ಮಾಡಿದವನು ಹತ್ತಿರದ ಕೊರ್ತಾಲಿಮ್‌ನಿಂದ ಬರುತ್ತಿದ್ದ, ವಿಜಯಪುರ ಕಡೆಯ ಎಲೆಕ್ಟ್ರಿಷಿಯನ್. ಗುತ್ತಿಗೆಯವನು, ಕಾಯಂ ಆಗುವವರ ಪಟ್ಟಿಯಲ್ಲಿ ಆ ಸಲ ಅವನ ಹೆಸರಿತ್ತು. ಶುಕ್ರವಾರದ ಸಭೆಯಲ್ಲಿ ಮ್ಯಾನೇಜರ್ ಎದುರಿಗೇ ಅವನು ನನ್ನನ್ನು ಕೇಳಿದ:

“ಒಮ್ಮೆ ಮುಚ್ಚಳ ಬಿಚ್ಚಿ ವೋಲ್ಟೇಜ್ ಸೆಟ್ಟಿಂಗ್ ನೋಡೂಣೇನ್ರಿ ಸಾಹೇಬ್ರ?”

“ಅದನ್ನ ನಾ ನೋಡೇನಿ. ನೀ ನಿನ್ನ ವೈರ್ ನೋಡ್ಕೊ. ಸ್ಕ್ರೂ ಬಿಗಿ ಮಾಡಾಕ ಬರೂದಿಲ್ಲ, ಎಲೆಕ್ಟ್ರಿಷಿಯನ್ ಅಂತ!”

ಎಲ್ಲರೂ ನಕ್ಕರು. ಮ್ಯಾನೇಜರ್ ಕೂಡ.

ಶನಿವಾರ ಉಳಿದವರು ಊಟಕ್ಕೆ ಹೋದಾಗ, ವಿದ್ಯುತ್ತು ಕಡಿದು ನಾನೊಬ್ಬನೇ ಮುಚ್ಚಳ ತೆಗೆದೆ. ಕೊಂಡಿ 480ರಲ್ಲಿತ್ತು. ಮಧ್ಯಾಹ್ನ ಪಕ್ಕದ ಕಾರ್ಖಾನೆಯ ವಿದ್ಯುತ್ ಕುಲುಮೆ ಹತ್ತಿದಾಗ ನಮ್ಮ ವೋಲ್ಟೇಜ್ ಸ್ವಲ್ಪ ಇಳಿಯುತ್ತದೆ. 480 ಬರಬೇಕೆಂದುಕೊಂಡಿದ್ದ ಡ್ರೈವ್ ಅಷ್ಟಕ್ಕೇ ನಿಲ್ಲುತ್ತಿತ್ತು. ಸರಿಪಡಿಸಿ ತಿರುಗಿದರೆ, ಬುತ್ತಿಯ ಡಬ್ಬಿ ಹಿಡಿದು ಅವನು ಹಿಂದೆಯೇ ನಿಂತಿದ್ದ.

“ನನ್ನ ವೈರ್ ಚಲೋ ಇದ್ದವಲ್ರಿ?”

“ಚಲೋ ಇದ್ದವು. ತಪ್ಪು ನಂದ.”

“ನನಗೊಬ್ಬಗ ಹೇಳಿದ್ರ ಏನ್ ಬಂತ್ರಿ? ನಕ್ಕೋರ ಮುಂದ ಹೇಳ್ರಿ. ಕಾಯಂ ಪಟ್ಟಿ ಸೋಮವಾರ ಹೋಗತೈತಿ.”

“ಸೋಮವಾರ ಎಂಟಕ್ಕ ಹೇಳತೇನಿ.”

ಸೋಮವಾರ ಎಣ್ಣೆ ಬದಲಿಸುವ ಬಗ್ಗೆ ಹೇಳಿದೆ. ಬೆಲ್ಟಿನ ಬಗ್ಗೆ, ರಜೆ ಅರ್ಜಿಗಳ ಬಗ್ಗೆ ಹೇಳಿದೆ. ಹೆಲ್ಮೆಟ್ಟಿನ ಬಗ್ಗೆ ಎರಡು ಸಲ ಹೇಳಿದೆ. ಅವನು ಮುಂದಿನ ಸಾಲಿನಲ್ಲಿ ಕೈ ಹಿಂದೆ ಕಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದ. ಗಡಿಯಾರದ ಮುಳ್ಳು ಹದಿನೈದು ಮುಟ್ಟಿದಾಗ ನನಗೆ ಬಿಡುಗಡೆ ಸಿಕ್ಕಂತಾಯಿತು. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

“ಆತು, ಟೈಮ್ ಮುಗೀತು,” ಎಂದೆ.

ಅವತ್ತೇ ಮ್ಯಾನೇಜರ್ ಕಾಯಂ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿದರು. ನನ್ನನ್ನೇನೂ ಕೇಳಲಿಲ್ಲ, ಕೇಳದಿದ್ದರೂ ನಾನೇ ಹೋಗಿ ಹೇಳಬಹುದಿತ್ತು. ವಾರದೊಳಗೆ ಅವನು ಬೇರೆ ಕಡೆ ಕೆಲಸ ಹಿಡಿದ. ಕಾರ್ಖಾನೆ ಕೊಟ್ಟಿದ್ದ ಟೆಸ್ಟರ್, ಇಕ್ಕಳ, ಕೈಗವಸು ಒಂದೊಂದಾಗಿ ನನ್ನ ಮೇಜಿನ ಮೇಲಿಟ್ಟು ಸಹಿ ಮಾಡಿದ.

“ಟೈಮ್ ಮಾತ್ರ ಭಾಳ ಕರೆಕ್ಟ್ ನೋಡ್ರಿ ನಿಮ್ದು,” ಎಂದು ಹೊರಟ.