ನಲವತ್ತು ದಿನದ ನೀರು

ಇಲ್ಫೊವ್ ಜಿಲ್ಲೆಯನ್ನು ಪಂದೇಲೆಯಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಆದರೆ ಅವನು ಬಲ್ಲದ್ದನ್ನು ಕೇಳಿಸಿಕೊಳ್ಳುವ ಮನಸ್ಸು ಯಾರಿಗೂ ಇಲ್ಲ. ಬುಕಾರೆಸ್ಟಿನ ದುಡ್ಡಿನವರೆಲ್ಲ ನಗರದ ಗದ್ದಲ ಸಾಕೆಂದು ಇಲ್ಲಿಗೆ ಬಂದು, ಮೆಕ್ಕೆಜೋಳದ ಹೊಲಗಳ ಮೇಲೆ ಬಂಗಲೆ ಎಬ್ಬಿಸಿದರು. ಗೇಟಿನ ಮೇಲೆ ಕಲ್ಲಿನ ಸಿಂಹ, ಹಿತ್ತಲಲ್ಲಿ ಈಜುಕೊಳ, ಬಾಗಿಲಲ್ಲಿ ಮೂರು ಮೂರು ಕಾರು. ಒಳಚರಂಡಿ ಮಾತ್ರ ಇಲ್ಲ. ಬಂದೇಬಿಟ್ಟಿತು ಎಂದು ಪ್ರತಿ ಚುನಾವಣೆಯಲ್ಲೂ ಹೇಳುತ್ತಾರೆ. ಅದು ಬರುವವರೆಗೆ ಒಂದೊಂದು ಹುಲ್ಲುಹಾಸಿನ ಅಡಿಯಲ್ಲೂ ಒಂದೊಂದು ಗುಂಡಿ. ಗುಂಡಿ ತುಂಬಿದರೆ ಪಂದೇಲೆಯ ಟ್ಯಾಂಕರ್ ಲಾರಿ ಬರಬೇಕು.

ಒಂದು ಕಾಲದಲ್ಲಿ ಅವನು ಇದೇ ಹೊಲಗಳಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಹೊಲ ಹೋದ ಮೇಲೆ ಲಾರಿ ಕೊಂಡ. ಇಪ್ಪತ್ತೆರಡು ವರ್ಷದಿಂದ ಪೈಪು ಇಳಿಸಿ, ಹೀರಿ, ದೂರದ ಶುದ್ಧೀಕರಣ ಘಟಕಕ್ಕೆ ಸುರಿದು ಬರುತ್ತಿದ್ದಾನೆ. ಗುಂಡಿಯ ಮೇಲೆ ಅವನಿಗೆ ಹೇಸಿಗೆಯಿಲ್ಲ, ಅದು ಇರುವುದೇ ಹಾಗೆ. ಹೇಸಿಗೆಯೆಲ್ಲ ಮನೆಯವರ ಮೇಲೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಿಂತು, ಒಳಗಿರುವುದನ್ನೆಲ್ಲ ಇವನೇ ಮಾಡಿಟ್ಟ ಎಂಬಂತೆ ನೋಡುತ್ತಾರಲ್ಲ, ಆ ಮೋರೆಗಳ ಮೇಲೆ.

ತಾನು ಸಾಚಾ ಎಂದು ಅವನೇನೂ ಹೇಳಿಕೊಳ್ಳುತ್ತಿರಲಿಲ್ಲ. ಒಂದು ಚಳಿಗಾಲ, ಘಟಕದ ಮುಂದೆ ಸಾಲು ಕರಗದಿದ್ದಾಗ, ಬೇಸತ್ತು ಪಾಪ್ಲರ್ ಮರಗಳ ಹಿಂದಿನ ಹಳ್ಳಕ್ಕೆ ಲಾರಿಯ ನಲ್ಲಿ ಬಿಚ್ಚಿ ಬಂದಿದ್ದ. ಹೆಂಡತಿ ತುದೊರಿತ್ಸಗೆ ಹೇಗೋ ಗೊತ್ತಾಯಿತು. ಒಂದು ವಾರ ಅವಳು ಮಾತು ಬಿಟ್ಟಳು. ದಿನಾ ಸಂಜೆ ಅಂಗಳದಲ್ಲೇ ಅವನನ್ನು ನಿಲ್ಲಿಸಿ, ಬಿಸಿನೀರಿಗೆ ವಿನಿಗರ್ ಬೆರೆಸಿ ತಲೆಯ ಮೇಲೆ ಸುರಿದು, ನಗುತ್ತಾ ಬೆನ್ನುಜ್ಜಿ ಒಳಗೆ ಬಿಟ್ಟುಕೊಳ್ಳುತ್ತಿದ್ದ ಹೆಂಗಸು ಅವಳು. ಅಂಥ ತಪ್ಪು ಅವನು ಮತ್ತೆ ಮಾಡಲಿಲ್ಲ.

ತುದೊರಿತ್ಸ ಈ ಬೇಸಿಗೆಯ ಮೊದಲಲ್ಲಿ ತೀರಿಕೊಂಡಳು. ಸತ್ತವರಿಗೆ ನಲವತ್ತು ದಿನ ದಾಹವಿರುತ್ತದೆ ಎಂಬುದು ಇಲ್ಲಿನವರ ನಂಬಿಕೆ. ದಿನವೂ ಬೆಳಿಗ್ಗೆ ಅವರ ಹೆಸರಿನಲ್ಲಿ ಯಾರಿಗಾದರೂ ನೀರು ಕೊಡಬೇಕು. ನೀರು ಪಡೆದವರು ಇಲ್ಲಿ ಕುಡಿದದ್ದು ಅಲ್ಲಿ ಸತ್ತವರಿಗೆ ಮುಟ್ಟುತ್ತದೆ. ಪಂದೇಲೆಯ ತಂಗಿ ಸಫ್ತ ಊರಿನ ಆ ತುದಿಯಿಂದ ಬಂದು, ಇವನ ಅಂಗಳದ ಬಾವಿಯಿಂದ ಒಂದು ಬಿಂದಿಗೆ ಸೇದಿ, ಪಕ್ಕದ ಮನೆಯ ಗೆರ್ಗಿನ ಅಜ್ಜಿಗೆ ಕೊಟ್ಟು, ದಿನದ ಲೆಕ್ಕಕ್ಕೆ ಕೋಲಿನ ಮೇಲೆ ಒಂದು ಗೀಟು ಕೊರೆದು ಹೋಗುತ್ತಿದ್ದಳು. ಆ ಬಾವಿ ಪಂದೇಲೆಯ ಅಜ್ಜ ತೋಡಿಸಿದ್ದು, ತಲೆಯ ಮೇಲೆ ಮರದ ಶಿಲುಬೆ ಇರುವ ಬಾವಿ.

ಇಪ್ಪತ್ತಾರು ಗೀಟು ಆದ ದಿನ ಗೆರ್ಗಿನ ಅಜ್ಜಿಯನ್ನು ಆಸ್ಪತ್ರೆಗೆ ಒಯ್ದರು. ವಾಂತಿ, ಭೇದಿ. ನೋಡಲು ಹೋದ ಅಣ್ಣ ತಂಗಿಗೆ ಅವಳು ಮಂಚದ ಮೇಲೆ ಮಲಗಿ ನಾಚಿಕೊಂಡೇ ಹೇಳಿದಳು:

"ನೀರು ವಾಸ್ನೆ ಬರ್ತಿತ್ತಪ್ಪ. ಆದ್ರೆ ಸತ್ತೋರ ಹೆಸರಲ್ಲಿ ಕೊಟ್ಟ ನೀರನ್ನ ಬೇಡ ಅನ್ನೋಕಾಗುತ್ತಾ? ಉಸಿರು ಬಿಗಿಹಿಡ್ದು ಕುಡೀತಿದ್ದೆ."

ಸಫ್ತ ತಲೆ ತಗ್ಗಿಸಿದಳು. ಅವಳಿಗೂ ವಾಸನೆ ಬಂದಿತ್ತಂತೆ.

"ನಿನ್ನ ಬಟ್ಟೆದು ಅನ್ಕೊಂಡೆ ಅಣ್ಣ."

ಪಂದೇಲೆಗೆ ಸಿಟ್ಟು ಬರಲಿಲ್ಲ, ಅವನೂ ಹಾಗೆಯೇ ಅಂದುಕೊಂಡಿದ್ದ. ಹೆಂಡತಿ ಹೋದ ಮೇಲೆ ಅವನು ಮನೆಯಲ್ಲಿ ನೀರು ಕುಡಿದದ್ದೇ ಇಲ್ಲ, ಪ್ಲಮ್ ಹಣ್ಣಿನ ಸಾರಾಯಿಯಲ್ಲೇ ದಿನ ದೂಡುತ್ತಿದ್ದ. ಅಂಗಳ ನಾರಿದರೆ, ವಿನಿಗರ್ ಸುರಿಯುವವಳು ಇಲ್ಲವಲ್ಲ, ನಾರುವುದು ನಾನೇ ಎಂದು ಸುಮ್ಮನಾಗಿದ್ದ. ಅಂದು ಮನೆಗೆ ಬಂದವನೇ ಬಾವಿಯಿಂದ ಒಂದು ಬೊಗಸೆ ಎತ್ತಿ ಮೂಗಿಗೆ ಹಿಡಿದ. ಮಲದ ವಾಸನೆಯ ಜೊತೆಗೆ ಲ್ಯಾವೆಂಡರ್ ಸೋಪಿನ ಘಮ. ಎಷ್ಟೋ ಸಲ ತಾನೇ ಹೀರಿದ ಗುಂಡಿಯ ವಾಸನೆ, ಅದು ಯಾರ ಮನೆಯದೆಂದು ಯೋಚಿಸುವ ಅಗತ್ಯವೇ ಇರಲಿಲ್ಲ.

ಬೇಲಿಯಾಚೆ ಒವಿದಿಯು ಸ್ತಮಾತೆಯ ಬಂಗಲೆ. ತಿಂಗಳಿಗೊಮ್ಮೆ ಕರೆಯುತ್ತಿದ್ದ ಆಸಾಮಿ ಐದು ತಿಂಗಳಿಂದ ಕರೆದಿರಲಿಲ್ಲ. ಮನೆಯಲ್ಲಿ ದಿನಾ ದೀಪ, ವಾರವಾರ ಔತಣ, ಆದರೂ ಗುಂಡಿ ತುಂಬುವುದಿಲ್ಲ. ಹೇಗೆ ತುಂಬೀತು? ಲಾರಿಯ ದುಡ್ಡು ಉಳಿಸಲು ಗುಂಡಿಯ ತಳದ ಕಾಂಕ್ರೀಟನ್ನೇ ಒಡೆಸಿಹಾಕಿದ್ದಾನೆ. ಎಲ್ಲವೂ ತಣ್ಣಗೆ ನೆಲಕ್ಕಿಳಿಯುತ್ತಿದೆ. ಇಂಥ ಮನೆಗಳು ಜಿಲ್ಲೆಯಲ್ಲಿ ಎಷ್ಟಿವೆಯೆಂದು ಪಂದೇಲೆಗೆ ಗೊತ್ತು. ಕರೆ ನಿಂತ ಮನೆಗಳೇ ಅವು. ಥೂ, ಹಾಸಿಗೆಗೆ ರೇಷ್ಮೆ ಹಾಸುವ ಜನ, ತಮ್ಮ ಹೇಲನ್ನು ನೆರೆಯವರ ಬಾವಿಗೆ ಬಿಡುತ್ತಾರೆ.

ಹೋಗಿ ಕೇಳಿದ. ಸ್ತಮಾತೆ ಬೆಣ್ಣೆಯಂತೆ ಮಾತಾಡಿದ. ಹೊಸ ಪುಡಿ ಬಂದಿದೆಯಂತೆ, ಸುರಿದರೆ ಎಲ್ಲವನ್ನೂ ತಿಂದುಹಾಕುತ್ತದಂತೆ. ನಿಮ್ಮ ಬಾವಿ ಹಳೆಯದು ಪಂದೇಲೆಯಣ್ಣ, ಇಲಿ ಗಿಲಿ ಬಿದ್ದು ಸತ್ತಿರಬೇಕು ಎಂದ. ಹೊರಡುವಾಗ ಬಾಟಲಿ ನೀರಿನ ಒಂದು ಕಟ್ಟನ್ನು ತಾನೇ ತಂದು ಇವನ ಕೈಗಿಟ್ಟ. ಊರಿನ ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡವನು ಮುಂದಿನ ತಿಂಗಳು ಬಾ ಎಂದ. ಅವನ ಮನೆಯಿಂದಲೂ ಎರಡು ವರ್ಷದಿಂದ ಕರೆ ಬಂದಿರಲಿಲ್ಲ. ಪಂದೇಲೆ ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡು ಹೊರಬಂದ. ಇಪ್ಪತ್ತೆರಡು ವರ್ಷದಲ್ಲಿ ಯಾವ ಗುಂಡಿಯ ಮುಂದೆಯೂ ಹಾಗೆ ಮಾಡಿರಲಿಲ್ಲ.

ಸಫ್ತ ಬಾಟಲಿಗಳನ್ನು ಮುಟ್ಟಲಿಲ್ಲ.

"ಅಂಗಡಿ ನೀರನ್ನ ಅತ್ತಿಗೆಗೆ ಕೊಡ್ಲಾ? ಅದೂ ಅವನು ಕೊಟ್ಟಿದ್ದು?"

ಉಳಿದ ಹದಿನಾಲ್ಕು ದಿನ, ನೋಯುವ ಮಂಡಿ ಹಿಡಿದುಕೊಂಡೇ, ಸ್ಮಶಾನದಾಚೆಯ ಚಿಲುಮೆಗೆ ನಡೆದು ನೀರು ತಂದಳು. ಮೊದಲು ದಾರಿಹೋಕರು, ಆಮೇಲೆ ಆಸ್ಪತ್ರೆಯಿಂದ ಬಂದ ಅಜ್ಜಿ ಅದನ್ನು ಕುಡಿದು ಹರಸಿದರು. ಆದರೆ ಹಿಂದಿನ ಇಪ್ಪತ್ತಾರು ಗೀಟುಗಳನ್ನು ಅಳಿಸುವುದು ಹೇಗೆ? ಪಂದೇಲೆ ರಾತ್ರಿಯಿಡೀ ಅದನ್ನೇ ನೆನೆದ. ವಾಸನೆಯೆಂದರೆ ಬಾಗಿಲಿನಿಂದಾಚೆಗೇ ತಡೆಯುತ್ತಿದ್ದವಳು ತುದೊರಿತ್ಸ.

ನಲವತ್ತನೆಯ ದಿನ ಭಾನುವಾರ ಬಂತು. ಪಂದೇಲೆ ಕಪ್ಪು ಸೂಟು ತೊಟ್ಟ. ಹೊಸ ಮಣ್ಣಿನ ಲೋಟಕ್ಕೆ ತನ್ನ ಬಾವಿಯ ನೀರನ್ನೇ ತುಂಬಿ, ಅದರ ಹಿಡಿಗೆ ಮೇಣದಬತ್ತಿ ಅಂಟಿಸಿ ಹೊತ್ತಿಸಿ, ಹೆಗಲಿಗೆ ಕಸೂತಿ ಟವಲು ಹಾಕಿಕೊಂಡು ಬೇಲಿ ಬಳಸಿ ಹೋದ. ಸ್ತಮಾತೆಯ ಹುಲ್ಲುಹಾಸಿನ ಮೇಲೆ ಔತಣ ನಡೆದಿತ್ತು. ತಳ ಒಡೆದ ಗುಂಡಿಯ ನೇರ ಮೇಲೆಯೇ ಮಾಂಸ ಸುಡುತ್ತಿದ್ದರು. ಚರ್ಚಿನ ಗೋಡೆಗೆ ಚಿತ್ರ ಬರೆಸಿ ಕೆಳಗೆ ಹೆಸರು ಹಾಕಿಸಿಕೊಂಡ ದೊಡ್ಡ ಮನುಷ್ಯ ಸ್ತಮಾತೆ. ನೆರೆದಿದ್ದವರಲ್ಲಿ ಪಾದ್ರಿಯೂ ಇದ್ದರು. ಬತ್ತಿ ಹೊತ್ತಿದ ಲೋಟ ಕಂಡು, ಸತ್ತವರ ಹೆಸರಿನ ನೀರೆಂದು ತಿಳಿದು ಎಲ್ಲರೂ ಎದ್ದು ನಿಂತರು.

"ತುದೊರಿತ್ಸಳ ಆತ್ಮಕ್ಕೆ ಸ್ವಾಮಿ," ಎಂದು ಪಂದೇಲೆ ಎರಡೂ ಕೈಯಲ್ಲಿ ಸ್ತಮಾತೆಗೆ ಲೋಟ ನೀಡಿದ.

ಸ್ತಮಾತೆ ಲೋಟ ನೋಡಿದ, ನಂತರ ಪಾದ್ರಿಯನ್ನು ನೋಡಿದ.

"ಅಲ್ಲಿ ಮೇಜಿನ ಮೇಲಿಡಿ ಪಂದೇಲೆಯಣ್ಣ. ಊಟ ಆದ್ಮೇಲೆ ಕುಡೀತೀನಿ."

ಪಾದ್ರಿಯ ಹುಬ್ಬು ಮೇಲೇರಿತು. ಸ್ತಮಾತೆಯ ಹೆಂಡತಿ ಕೊರಿನಳಿಗೆ ಅತಿಥಿಗಳ ಮುಂದೆ ಅವಮಾನವಾದಂತಾಯಿತು. ಗಂಡ ತಳ ಒಡೆಸಿದ್ದು ಅವಳಿಗೆ ಗೊತ್ತಿರಲಿಲ್ಲ.

"ಕೊಡಿ, ನಾನು ಕುಡೀತೀನಿ. ದೇವರು ಅವರನ್ನ ಕ್ಷಮಿಸ್ಲಿ," ಎಂದು ಲೋಟ ತೆಗೆದುಕೊಂಡು ಬಾಯಿಗೆತ್ತಿದಳು.

ಇವಳು ಕುಡಿಯಲೆಂದು ಪಂದೇಲೆ ಬಂದಿರಲಿಲ್ಲ. ತಡೆಯಲು ಕೈ ಚಾಚಿದ. ಅಷ್ಟರಲ್ಲಿ ಸ್ತಮಾತೆ ಮುನ್ನುಗ್ಗಿ ಹೆಂಡತಿಯ ಕೈಗೆ ಹೊಡೆದ. ಲೋಟ ಒಲೆಯ ಮುಂದಿನ ಕಲ್ಲುಹಾಸಿಗೆ ಬಿದ್ದು ಒಡೆಯಿತು, ಬತ್ತಿ ನೆನೆದು ಆರಿತು.

ಕೊರಿನ ಗಂಡನ ಮುಖವನ್ನೇ ನೋಡುತ್ತಿದ್ದಳು.

"ಆ ನೀರಲ್ಲಿ ಏನಿದೆ ಒವಿದಿಯು?"

ಪಂದೇಲೆ ಬಗ್ಗಿ ಮೇಣದಬತ್ತಿಯನ್ನು ಎತ್ತಿ ಜೇಬಿಗಿಟ್ಟುಕೊಂಡ.

"ಏನಿದೆ ಅಂತ ಅವ್ರಿಗೆ ಗೊತ್ತಮ್ಮ," ಎಂದ. "ನನ್ನ ಹೆಂಡ್ತಿಗೆ ಗೊತ್ತಿರ್ಲಿಲ್ಲ. ಇಪ್ಪತ್ತಾರು ದಿನ ಕುಡಿದ್ಲು."