ಕಡಲಸೌತೆ ಮತ್ತು ಕೋಪಿಸಿಕೊಳ್ಳಬಾರದ ನಂಟ

ಮಡಗಾಸ್ಕರಿನ ವೆಜೋ ಮೀನುಗಾರರಲ್ಲಿ ಜಾನಾಸೋವಾಳಷ್ಟು ಹೊತ್ತು ನೀರಿನಲ್ಲಿ ನಿಂತವರಿಲ್ಲ. ಏಡಿಗಳು ಅವಳ ಕಾಲನ್ನು ಗೂಟವೆಂದು ತಿಳಿದು ಅಲ್ಲೇ ಸಂಸಾರ ಹೂಡಿ, ಮೊಮ್ಮಕ್ಕಳನ್ನೂ ಕಂಡವು ಎನ್ನುತ್ತಾರೆ. ಅರ್ಧ ನಂಬಿದರೂ ಸಾಕು.

ಅವಳ ದೊಡ್ಡಿ ಇದ್ದದ್ದು ಊರಿನಿಂದಾಚೆ, ದೋಣಿಯಲ್ಲಷ್ಟೇ ಹೋಗಬಹುದಾದ ಮರಳದಿಬ್ಬದ ಬಳಿ. ಸುತ್ತ ಬಲೆಯ ಬೇಲಿ. ಮೇಲೆ ಹಗ್ಗಗಳಲ್ಲಿ ಕಡಲಪಾಚಿ, ಕೆಳಗೆ ಮರಳಿನಲ್ಲಿ ಕಡಲಸೌತೆ ಎಂಬ ಮೆತ್ತನೆಯ ಜೀವಿ; ಎರಡೂ ಮಾರಾಟಕ್ಕೆ. ಪಾಚಿಯಿಂದ ಉದುರಿದ ಕೊಳೆಯನ್ನೆಲ್ಲ ಸೌತೆಗಳು ನುಂಗಿ, ನೆಲವನ್ನು ತೊಳೆದಿಟ್ಟ ತಟ್ಟೆಯಂತೆ ಮಾಡುತ್ತಿದ್ದವು. ಸೋಮಾರಿ ಪ್ರಾಣಿಗಳು, ಕಾಲೂ ಇಲ್ಲ, ಕಣ್ಣೂ ಇಲ್ಲ. ಆದರೂ ಎರಡು ಸುಗ್ಗಿಯಿಂದ ದೊಡ್ಡಿ ಬಿಟ್ಟು ಮಾಯವಾಗುತ್ತಿದ್ದವು. ಊರಿನ ಮೀನುಗಾರರ ಸಂಘದ ಕಟ್ಟಳೆ ಖಂಡತುಂಡ: ಇನ್ನೊಂದು ಸುಗ್ಗಿ ಕೈಕೊಟ್ಟರೆ ದೊಡ್ಡಿ ಬೇರೆಯವರ ಪಾಲು.

ಒಂದು ಬೆಳಗ್ಗೆ ಕಡಲಿನ ಇಳಿತದಲ್ಲಿ ಕಳ್ಳ ಸಿಕ್ಕಿಯೇಬಿಟ್ಟ. ದೊಡ್ಡಿಯೊಳಗೆ ಚೀಲ ಹಿಡಿದು ಅದೇ ಊರಿನ ರೆಮಾಸಿ ನಿಂತಿದ್ದ.

"ಏನೋ ಮಾಡ್ತಿದ್ದೀಯ ಇಲ್ಲಿ?"

"ನಾನೇನ್ ಮಾಡ್ಲಿ ಮುದುಕಿ? ನಿನ್ ಮುಖ ನೋಡೀ ನೋಡೀ ಬೇಜಾರಾಗಿ ಇವೇ ಬಂದು ಚೀಲ ಹತ್ತಿದ್ವು. ಇಳೀರೋ ಅಂದ್ರೂ ಇಳೀತಿಲ್ಲ!"

ಬೇರೆ ಯಾರಾಗಿದ್ದರೂ ದೋಣಿಯ ಹುಟ್ಟು ಮುರಿಯುವಂತೆ ಬಾರಿಸುತ್ತಿದ್ದಳು. ಆದರೆ ರೆಮಾಸಿ ಅವಳ ಜಿವಾ. ಎರಡು ಕುಲಗಳ ನಡುವೆ ಅಜ್ಜಂದಿರ ಕಾಲದಿಂದ ಬಂದ ಗೇಲಿಯ ನಂಟು ಅದು; ಅವನಿಗೆ ಅವಳೂ ಜಿವಾ. ಜಿವಾ ಬಯ್ಯಬಹುದು, ಹೆಣದ ಮುಂದೆಯೂ ಹಾಸ್ಯ ಮಾಡಬಹುದು, ಒಲೆಯ ಮೇಲಿನ ಮಡಕೆಯನ್ನೇ ಎತ್ತಿಕೊಂಡು ಹೋಗಬಹುದು. ಕೋಪಿಸಿಕೊಂಡರೆ ಸತ್ತ ಹಿರಿಯರ ಶಾಪ, ಕೋಪಿಸಿಕೊಂಡವರಿಗೇ. ಜಾನಾಸೋವಾ ನಕ್ಕಳು. ಆ ನಗು ಎಷ್ಟು ಬಿಗಿಯಾಗಿತ್ತೆಂದರೆ ಅದಕ್ಕೆ ದೋಣಿ ಕಟ್ಟಿದ್ದರೆ ಬಿರುಗಾಳಿಗೂ ಅಲುಗುತ್ತಿರಲಿಲ್ಲ.

ಸಂಘದ ಸಭೆಯಲ್ಲಿ ಹಿರಿಯ, "ಯಾರಮ್ಮಾ ಕದಿಯೋದು?" ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ರೆಮಾಸಿ ಎದ್ದ.

"ನಾನೇ ದೊಡ್ಡಪ್ಪಾ! ಜಿವಾ ಬೆಳೆಸ್ತಾಳೆ, ನಾನು ಮೇಯ್ತೀನಿ!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಣಹಾಕಿದ ಮೀನುಗಳೂ ಬಾಯಿ ಅಗಲಿಸಿದವಂತೆ. ನಂಬದವರು ನಕ್ಕರು; ನಂಬಿದವರೂ ನಗಲೇಬೇಕಾಯಿತು. ಹಿರಿಯ ಕಣ್ಣೊರೆಸಿಕೊಂಡು, "ತಮಾಷೆ ಇರ್ಲಿ. ಕಟ್ಟಳೆ ಮಾತ್ರ ಕಟ್ಟಳೆನೇ," ಎಂದ.

ಗೇಲಿಯ ಕತ್ತಿಗೆ ಎರಡೂ ಕಡೆ ಅಲಗು. ಮರುದಿನ ಜಾನಾಸೋವಾ ಊರೆಲ್ಲ ನೋಡುತ್ತಿರುವಾಗಲೇ ರೆಮಾಸಿಯ ದೋಣಿಯನ್ನು ನೀರಿಗೆ ತಳ್ಳಿದಳು.

"ಜಿವಾ, ನಿನ್ ದೋಣಿ ನನ್ ನೋಡಿ ಕಣ್ ಹೊಡೀತು. ಕರ್ಕೊಂಡ್ ಹೋಗ್ತೀನಿ!"

ರೆಮಾಸಿ ನಗಲೇಬೇಕಿತ್ತು, ನಕ್ಕ. ಕಳವು ನಿಂತಿತು. ದಡದಲ್ಲಿ ಕೂತ ರೆಮಾಸಿಯ ಮೀನೂ ನಿಂತಿತು.

ಕೆಲವು ದಿನ ಕಳೆದು ಅವನ ಹೆಂಡತಿ ವೋರಿ ಬಂದಳು.

"ಮಕ್ಳಿಗೆ ಬರೀ ಮರಗೆಣಸು ಬೇಯಿಸ್ತಿದೀನಿ. ದೋಣಿ ಕೊಡು."

"ಅಯ್ಯೋ, ಅವ್ನು ನನ್ ಜಿವಾ ಕಣೇ, ಇದೆಲ್ಲ ತಮಾಷೆ..."

"ಜಿವಾ ಅವ್ನಿಗೆ. ನನ್ ಕುಲ ಬೇರೆ. ನನಗೆ ನಗು ಬರಲ್ಲ."

ಜಾನಾಸೋವಾ ಲೆಕ್ಕ ಹಾಕಿದಳು. ದೋಣಿ ಕೊಟ್ಟರೆ ಕಳವು ಮತ್ತೆ ಶುರುವಾಗಿ ದೊಡ್ಡಿ ಹೋಗುತ್ತದೆ. ಕೊಡದಿದ್ದರೆ ಆ ಮಕ್ಕಳು.

"ಮೇಲಿನ ಪಾಚಿ ನಿಂದು, ಕೆಳಗಿನ ಸೌತೆ ನಂದು," ಎಂದಳು ಕೊನೆಗೆ. "ದೋಣಿ ತಗೊಂಡ್ ಹೋಗು. ಆದ್ರೆ ದಿನಾ ನನ್ ಜೊತೆ ದೊಡ್ಡೀಲಿ ನಿಲ್ಬೇಕು. ನಿನ್ ಗಂಡ ಬಂದ್ರೆ ನಾನು ಕೋಪ ಮಾಡ್ಕೊಳ್ಳೋ ಹಾಗಿಲ್ಲ. ನೀನು ಮಾಡ್ಕೋಬಹುದು."

"ಕೋಪಕ್ಕೇನು ಬರ ಇಲ್ಲ ನಮ್ಮನೇಲಿ," ಎಂದಳು ವೋರಿ. ನಗಲಿಲ್ಲ. ದೋಣಿ ಹತ್ತಿ ಹೊರಟಳು.

ಆ ಕೋಪ ಸುಗ್ಗಿಯ ತನಕ ಬಾಳೀತೋ, ಗಂಡನ ಚೇಷ್ಟೆಗೆ ನಡುವೆಯೇ ಕರಗೀತೋ, ಜಾನಾಸೋವಾಳಿಗೆ ತಿಳಿಯಲಿಲ್ಲ. ತನ್ನ ಅರ್ಧ ಅನ್ನವನ್ನು ಅವಳು ಇನ್ನೊಬ್ಬಳ ಸಿಟ್ಟಿನ ಮೇಲೆ ಪಣಕ್ಕಿಟ್ಟಾಗಿತ್ತು.