ಎಲೆಕೋಸಿನ ತೋಟದ ಕೂಸುಗಳು

ಅವ್ವ ಹೋಗಿ ಒಂದು ಮಳೆಗಾಲ ಕಳೆಯಿತು. ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಗೆ ಹತ್ತಿರವಾಗಲೆಂದು ಆಕೆಯನ್ನು ಸಿರುಗುಪ್ಪದಿಂದ ಬಳ್ಳಾರಿಗೆ, ಸತ್ಯನಾರಾಯಣಪೇಟೆಯ ನಮ್ಮ ಮನೆಗೆ ಕರೆತಂದಿದ್ದೆ.

ನಾನು ಹುಟ್ಟಿದ್ದು ಕುರುಗೋಡಿನ ದೊಡ್ಡವ್ವನ ಹೊಟ್ಟೆಯಲ್ಲಿ. ತಂಗಿಗೆ ಮಕ್ಕಳಾಗಲಿಲ್ಲವೆಂದು ದೊಡ್ಡವ್ವ ನನ್ನನ್ನು ಅವ್ವನಿಗೆ ಕೊಟ್ಟಳಂತೆ. ಶಾಲೆಗೆ ಹೋಗುವಾಗಲೇ ನೆಂಟರ ಬಾಯಿಂದ ಇದು ತಿಳಿದಿತ್ತು. ಅವ್ವ ಮಾತ್ರ ಎಂದೂ ಹೇಳಲಿಲ್ಲ. ಕೇಳಿದಾಗಲೆಲ್ಲ, "ರೈಸ್ ಮಿಲ್ಲಿನ ಮುಂದ ಒಂದು ಚೀಲ ತೌಡು ಕೊಟ್ಟು ತಂದೀವಿ ನಿನ್ನ" ಎಂದು ನಗುತ್ತಿದ್ದಳು. ನಮ್ಮ ಕಡೆ ತಾಯಂದಿರೆಲ್ಲ ಮಕ್ಕಳಿಗೆ ಹೇಳುವ ಮಾತೇ ಅದು. ನನಗೆ ಒಮ್ಮೆಯಾದರೂ ಆಕೆಯ ಬಾಯಿಂದಲೇ ನಿಜ ಕೇಳಬೇಕೆಂಬ ಆಸೆ. ಡಾಕ್ಟರು ಆಗಲೇ ಕೈಚೆಲ್ಲಿದ್ದರು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದ ನನ್ನ ಮಗಳು ಅಜ್ಜಿಗೆ ಮೊಬೈಲಿನಲ್ಲಿ ಸಿನಿಮಾ ತೋರಿಸಿದಳು. ನೂರು ವರ್ಷಕ್ಕೂ ಹಿಂದೆ, ಸಿನಿಮಾ ಎಂಬುದು ಆಗಷ್ಟೇ ಹುಟ್ಟಿದ್ದಾಗ, ದೂರದೇಶದ ಹೆಂಗಸೊಬ್ಬಳು ತೆಗೆದದ್ದು. ನೋಡನೋಡುತ್ತ ಮುಗಿದುಹೋಗುತ್ತದೆ. ದೇವತೆಯಂಥ ಒಬ್ಬಳು ದೊಡ್ಡ ದೊಡ್ಡ ಎಲೆಕೋಸಿನ ಮರೆಯಿಂದ ಎಳೆಗೂಸುಗಳನ್ನು ಎತ್ತಿ ತೋರಿಸಿ ನೆಲದ ಮೇಲೆ ಮಲಗಿಸುತ್ತಾಳೆ.

"ಸೌಂಡ್ ಹಚ್ಚವಾ" ಎಂದಳು ಅವ್ವ.

"ಸೌಂಡ್ ಇಲ್ಲಜ್ಜಿ, ಮೂಕಿ ಸಿನಿಮಾ. ತೆಗದಾಕಿ ಒಬ್ಬ ಹೆಣ್ಣುಮಗಳು."

"ಹೆಣ್ಣುಮಗಳಾ? ಮತ್ತ ಕುತ್ತಿಗಿಗೆ ಕೈ ಕೊಟ್ಟು ಎತ್ತವಾ ಅಂತ ಆ ದೇವತಿಗೆ ಹೇಳಬಾರದಾ! ಬರೀ ನೆಲಕ್ಕ ಹಾಕ್ಯಾಳ. ಒಂದು ಕೌದಿಗೂ ಗತಿ ಇಲ್ಲೇನು ಆ ದೇಶದಾಗ?"

ಮಗಳು ಬಿದ್ದು ಬಿದ್ದು ನಕ್ಕಳು, ಅವ್ವನೂ ನಕ್ಕಳು. ಅವ್ವ ಇನ್ನೊಮ್ಮೆ ಹಚ್ಚಿಸಿಕೊಂಡು ನೋಡಿದಳು. ಈ ಸಲ ನಗಲಿಲ್ಲ.

"ಇಷ್ಟು ಕೂಸು ಎತ್ತಿದಳು. ಒಂದಾದ್ರೂ ಮನಿಗೆ ಒಯ್ದಳೇನು ನೋಡು" ಎಂದಳು.

ಆಮೇಲೆ, ಮಾತ್ರೆ ತಂದ ನನ್ನ ಕಡೆ ನೋಡದೆ ಶುರು ಮಾಡಿದಳು. "ಕುರುಗೋಡಿನಾಗ ನಮ್ಮಕ್ಕ ನಿನ್ನ ನನ್ನ ಉಡಿಯಾಗ ಹಾಕಿದಾಗ ನನಗೂ ಹಿಡಿಯಾಕ ಬರ್ತಿದ್ದಿಲ್ಲ. ಸಿರುಗುಪ್ಪಕ್ಕ ಬರೋ ಬಸ್ಸಿನಾಗ ಬಾಜೂಕ ಒಬ್ಬಾಕಿ ತೆಲುಗಿನಾಕಿ ಕುಂತಿದ್ಲು. 'ಎವರಿ ಬಿಡ್ಡಮ್ಮಾ?' ಅಂದ್ಲು, ಯಾರ ಕೂಸು ಅಂತ. 'ನಾ ಬಿಡ್ಡೇ' ಅಂದೆ. ಕನ್ನಡದಾಗ ನನ್ನ ಕೂಸು ಅನ್ನಾಕ ಅಂಜಿಕಿ ಇತ್ತು. ತೆಲುಗಿನಾಗ ಬಾಯಿಗೆ ಬಂದುಬಿಡ್ತು."

ನನ್ನ ಕೈಯಲ್ಲಿ ಆಕೆಯ ಮಾತ್ರೆ, ನೀರಿನ ಲೋಟ. ಹಾಗೇ ನಿಂತಿದ್ದೆ. "ಕನ್ನಡದಾಗ ಯಾವಾಗ ಅಂದಿಬೇ?" ಎಂದು ಕೇಳಿದೆ.

"ತೆಕ್ಕಲಕೋಟಿ ದಾಟಿದ ಮ್ಯಾಲ, ಕಂಡಕ್ಟರ್‌ಗ. ನನ್ನ ಸೀರಿ, ಸೀಟು ಎಲ್ಲಾ ತೋಯಿಸಿಬಿಟ್ಟಿದ್ದಿ ನೀನು. ಅವ ಬೈಯಾಕ ಬಂದ. 'ನನ್ನ ಕೂಸೈತಿ, ನಾ ಒರಸ್ತೀನಿ ಸುಮ್ನ ಹೋಗಪಾ' ಅಂದೆ."

ಈಗ ಸಿರುಗುಪ್ಪದ ಬಸ್ಸು ತೆಕ್ಕಲಕೋಟೆ ದಾಟುತ್ತಲೇ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ. ಹೊರಗೆ ಭತ್ತದ ಗದ್ದೆಗಳು. ಅತ್ತರೂ ಪಕ್ಕದವರಿಗೆ ಗೊತ್ತಾಗುವುದಿಲ್ಲ.